ಕೂದಲಿನ ಖನಿಜ ಪರೀಕ್ಷೆಯಿಂದ ದೇಹದ ಮುಪ್ಪು ತಿಳಿಯುತ್ತದೆಯೇ?

ಪ್ರಶ್ನೆ: ಶ್ರುತಿ_ತುಮಕೂರು
ನಮಸ್ಕಾರ. ನಮ್ಮ ಯಜಮಾನರಿಗೆ 54 ವರ್ಷ. ತಲೆ ಬೇಗ ನರೆಯುತ್ತಿದೆಯೆಂದು ಖಾಸಗಿ ಪ್ರಯೋಗಾಲಯವೊಂದಕ್ಕೆ ಕೂದಲಿನ ಮಾದರಿ ಕಳುಹಿಸಿದ್ದರು. ತಾಮ್ರ ಮತ್ತು ಸತು ಕಡಿಮೆ, ಕ್ಯಾಲ್ಸಿಯಂ ವಿಪರೀತ ಹೆಚ್ಚು, ಆದ್ದರಿಂದ ದೇಹವು ವಯಸ್ಸಿಗೆ ಮೀರಿ ಮುಪ್ಪಾಗಿದೆ ಎಂದು ವರದಿ ಬಂದಿದ್ದು, ಅದರೊಂದಿಗೆ ಮಾತ್ರೆಗಳ ಪಟ್ಟಿಯೂ ಇದೆ. ಇದನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ರಸಾಯನ_ಮೇಷ್ಟ್ರು
ಮೇಡಂ, ಮೊದಲು ಒಂದು ಮಾತು ಕೇಳುತ್ತೇನೆ: ಮನೆಯಲ್ಲಿ ಸ್ನಾನಕ್ಕೆ ಬೋರ್‌ವೆಲ್ ನೀರೇ? ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ತಲೆ ತೊಳೆದಾಗಲೆಲ್ಲ ಕೂದಲಿನೊಳಕ್ಕೆ ಇಳಿಯುತ್ತವೆ; ಹೊಟ್ಟಿಗೆ ಬಳಸುವ ಕೆಲವು ಶಾಂಪೂಗಳಿಂದ ಸತುವೋ ಸೆಲೆನಿಯಮ್ಮೋ ಸೇರುತ್ತದೆ. ದೇಹದ ಒಳಗಿನಿಂದ ಬಂದದ್ದು ಯಾವುದು, ಹೊರಗಿನಿಂದ ಅಂಟಿದ್ದು ಯಾವುದು ಎಂಬುದನ್ನು ಪ್ರಯೋಗಾಲಯದ ತೊಳೆಯುವ ವಿಧಾನ ಪೂರ್ತಿಯಾಗಿ ಬೇರ್ಪಡಿಸಲಾರದು. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಒಬ್ಬನೇ ಆರೋಗ್ಯವಂತ ವ್ಯಕ್ತಿಯ ಕೂದಲನ್ನು ಹಂಚಿ 6 ಪ್ರಯೋಗಾಲಯಗಳಿಗೆ ಕಳುಹಿಸಿದಾಗ, 12 ಖನಿಜಗಳ ಪ್ರಮಾಣದಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉತ್ತರಗಳ ನಡುವೆ 10 ಪಟ್ಟಿಗೂ ಮೀರಿದ ಅಂತರ ಕಂಡುಬಂದಿತು. ಅವರು ಕೊಟ್ಟ ಪಥ್ಯದ ಸಲಹೆಗಳೂ ಒಂದಕ್ಕೊಂದು ವಿರುದ್ಧವಾಗಿದ್ದವು.

ಉತ್ತರ: ಚರ್ಮವೈದ್ಯ
ತಾಮ್ರದ ಮಾತಿನಲ್ಲಿ ಅಷ್ಟಿಷ್ಟು ಹುರುಳಿದೆ. ಕೂದಲಿಗೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು, ಆ ಕಿಣ್ವಕ್ಕೆ ತಾಮ್ರ ಬೇಕು. ಆದರೆ ವಯಸ್ಸಾದಂತೆ ಕೂದಲು ನರೆಯುವುದಕ್ಕೆ ಮುಖ್ಯ ಕಾರಣ ತಾಮ್ರದ ಅಭಾವವಲ್ಲ. ಕೂದಲಿನ ಬುಡದಲ್ಲಿ ಬಣ್ಣದ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳೇ ಕ್ಷೀಣಿಸುತ್ತವೆ. ಸತುವಿನ ವಿಷಯ ಇನ್ನೂ ವಿಚಿತ್ರ: ತೀವ್ರ ಅಭಾವವಿದ್ದಾಗ ಕೂದಲು ಬೆಳೆಯುವುದೇ ನಿಧಾನವಾಗುವುದರಿಂದ, ಬೆಳೆದಷ್ಟರಲ್ಲಿ ಸತು ಸಾಕಷ್ಟಿರುವಂತೆಯೇ ಕಾಣಬಹುದು.

ಮಾತ್ರೆಗಳ ಬಗ್ಗೆ ಎಚ್ಚರವಿರಲಿ. ಸತುವನ್ನು ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ಸೇವಿಸಿದರೆ ಕರುಳು ತಾಮ್ರವನ್ನು ಹೀರಿಕೊಳ್ಳುವುದು ಕುಗ್ಗುತ್ತದೆ. ರಕ್ತಹೀನತೆ, ನರದೌರ್ಬಲ್ಯದವರೆಗೂ ಹೋದ ರೋಗಿಗಳಿದ್ದಾರೆ.

ಮರುಪ್ರಶ್ನೆ: ಶ್ರುತಿ_ತುಮಕೂರು
ಬೋರ್‌ವೆಲ್ ನೀರೇ ಸರ್, ಬಕೆಟ್ಟಿನ ಅಂಚಿನಲ್ಲೆಲ್ಲ ಬಿಳಿಯ ಕರೆ ಕಟ್ಟುತ್ತದೆ. ಆದರೆ ವಿಷಪ್ರಾಶನವನ್ನು ಕೂದಲಿನಿಂದಲೇ ಪತ್ತೆ ಹಚ್ಚುತ್ತಾರಲ್ಲ?

ಉತ್ತರ: ರಸಾಯನ_ಮೇಷ್ಟ್ರು
ಹೌದು, ಕೂದಲಿನ ನಿಜವಾದ ಉಪಯೋಗ ಅಲ್ಲಿದೆ. ಕೂದಲಿನ ಮುಖ್ಯ ಪ್ರೋಟೀನ್ ಆದ ಕೆರಾಟಿನ್‌ನಲ್ಲಿರುವ ಗಂಧಕವು ಪಾದರಸ, ಆರ್ಸೆನಿಕ್‌ಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ ಯಾವ ತಿಂಗಳಲ್ಲಿ ವಿಷ ಸೇರಿತೆಂದು ಅಂದಾಜು ಮಾಡಬಹುದು. ಇರಾಕ್‌ನಲ್ಲಿ 1971-72ರಲ್ಲಿ ಪಾದರಸ ಲೇಪಿತ ಬಿತ್ತನೆ ಬೀಜವನ್ನು ಜನ ರೊಟ್ಟಿ ಮಾಡಿ ತಿಂದ ದುರಂತದಲ್ಲಿ ಹಾಗೆಯೇ ಲೆಕ್ಕ ಹಾಕಿದರು. ಅಲ್ಲಿಯೂ ಹೋಲಿಕೆಗೆ ತಕ್ಕ ಮಾದರಿ ಇರಬೇಕು. ನೆಪೋಲಿಯನ್ನನ ಕೂದಲಿನಲ್ಲಿ ಆರ್ಸೆನಿಕ್ ಸಿಕ್ಕಿತೆಂದು ವಿಷವಿಕ್ಕಿದ ಕಥೆ ಹಬ್ಬಿತ್ತು. 2008ರಲ್ಲಿ ಇಟಲಿಯ ಸಂಶೋಧಕರು ಪರೀಕ್ಷಿಸಿದಾಗ ಅವನ ಬಾಲ್ಯದ ಕೂದಲಿನಲ್ಲೂ ಅವನ ಸಮಕಾಲೀನರ ಕೂದಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಉತ್ತರ: ಚರ್ಮವೈದ್ಯ
ನರೆಯೇ ಚಿಂತೆಯಾಗಿದ್ದರೆ ರಕ್ತದಲ್ಲಿ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ನಿಮ್ಮ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಆ ಮಾತ್ರೆಗಳನ್ನು ಕೊಳ್ಳಬೇಡಿ.