ಪದಚರ್ಚೆ: ‘ಬಾಣಂತಿ ಸನ್ನಿ’ ಎಂದರೆ ಯಾವ ಕಾಯಿಲೆ?

ನರ್ಸ್ ಪ್ರಾಕ್ಟೀಷನರ್ (ರೋಗ ಗುರುತಿಸಿ ಚಿಕಿತ್ಸೆ ಕೊಡಲು ಹೆಚ್ಚಿನ ತರಬೇತಿ ಪಡೆಯುವ ನರ್ಸ್) ವಿದ್ಯಾರ್ಥಿಗಳಿಗಾಗಿ ಮಿದುಳು, ಮನಸ್ಸು, ಹಾರ್ಮೋನುಗಳ ಕಾಯಿಲೆಗಳನ್ನು ಕುರಿತು ಕನ್ನಡದಲ್ಲಿ ಬರೆಯಲು ಕೂತರೆ ಎಡವುವ ಪದ ‘ಬಾಣಂತಿ ಸನ್ನಿ’. ಆರೋಗ್ಯ ಅಂಕಣಗಳಲ್ಲಿ ಅದು ಒಮ್ಮೆ ಹೆರಿಗೆಯ ನಂತರದ ಖಿನ್ನತೆ, ಇನ್ನೊಮ್ಮೆ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ತೀವ್ರ ಮನೋರೋಗ). ಮನೆಯ ಹಿರಿಯರ ಬಾಯಲ್ಲಿ ಜ್ವರ ಏರಿ ಬಡಬಡಿಸಿದರೂ ಸನ್ನಿ, ಫಿಟ್ಸ್ ಬಂದು ಹಲ್ಲು ಕಚ್ಚಿಕೊಂಡರೂ ಸನ್ನಿ. ಪದವನ್ನು ಯಾವುದಕ್ಕೆ ಮೀಸಲಿಡಬೇಕು?

ನನ್ನ ಮಟ್ಟಿಗೆ, ಯಾವ ಒಂದು ಕಾಯಿಲೆಗೂ ಅಲ್ಲ. ‘ಸನ್ನಿ’ಯ ಮೂಲ ಸನ್ನಿಪಾತ: ಒಟ್ಟಾಗಿ ಬಂದು ಎರಗುವುದು. ವಾತ, ಪಿತ್ತ, ಕಫ ಮೂರೂ ಒಮ್ಮೆಗೇ ಕೆರಳಿದ ಸ್ಥಿತಿಯನ್ನು ಆಯುರ್ವೇದ ಹಾಗೆ ಕರೆಯಿತು. ತಮಿಳಿನ ‘ಜನ್ನಿ’ಯೂ ಇದೇ ಬೇರಿನದು. ‘ಸಮೂಹ ಸನ್ನಿ’ ಆಮೇಲೆ ಹಿಗ್ಗಿದ ಅರ್ಥ. ಮೈಯಲ್ಲಿ ಏನೋ ಕೆಟ್ಟು, ಅದರ ದೆಸೆಯಿಂದ ಇದ್ದಕ್ಕಿದ್ದಂತೆ ಬುದ್ಧಿಯ ಹಿಡಿತ ತಪ್ಪುವುದು ಎಂಬುದೇ ತಿರುಳು. ಇಂಗ್ಲಿಷಿನವರು ಡೆಲಿರಿಯಂ ಎನ್ನುವುದು ಇದನ್ನೇ. ನಿಘಂಟುಗಳು ಕೊಡುವ ‘ಚಿತ್ತಭ್ರಮೆ’, ‘ಚಿತ್ತವೈಕಲ್ಯ’ಗಳಲ್ಲಿ ಮೈಯ ಸುಳಿವೂ ಇಲ್ಲ, ದಿಢೀರನೆ ಎಂಬುದೂ ಇಲ್ಲ. ಹಾಗಾಗಿ ಡೆಲಿರಿಯಂಗೆ ‘ಸನ್ನಿ’ ಎಂದೇ ಬರೆಯೋಣ. ‘ಬಾಣಂತಿ ಸನ್ನಿ’ ಕಣ್ಣಿಗೆ ಕಾಣುವ ಸ್ಥಿತಿಯ ಹೆಸರು, ಕಾರಣವನ್ನು ಬೇರೆಯಾಗಿ ಹುಡುಕಬೇಕು ಎಂದು ಕಲಿಸೋಣ.

ಇದು ಬರೀ ಪದಗಳ ಜಗ್ಗಾಟವಲ್ಲ. ಮನೆಯವರು ‘ಸನ್ನಿ ಆಗಿದೆ’ ಎಂದಾಗ ಕೇಳಿಸಿಕೊಂಡವರು ಅದನ್ನು ‘ಮಾನಸಿಕ’ ಎಂದು ಅನುವಾದಿಸಿಬಿಟ್ಟರೆ ಜೀವ ಹೋಗಬಹುದು. ಬಿಪಿ 140/90 ದಾಟಿದ್ದರೆ ಎಕ್ಲಾಂಪ್ಸಿಯಾ (ಬಸಿರಿನಲ್ಲಿ ಇಲ್ಲವೇ ಬಾಣಂತನದಲ್ಲಿ ಬಿಪಿ ಏರಿ ಫಿಟ್ಸ್ ಬರುವ ಕಾಯಿಲೆ) ನೆನಪಾಗಬೇಕು. ಮಗು ಹೊರಗೆ ಬಂದ ಕೂಡಲೇ ಅದರ ಭಯ ಮುಗಿಯುವುದಿಲ್ಲ. ಹೆರಿಗೆಯ ನಂತರದ ಫಿಟ್ಸ್ ಹೆಚ್ಚಾಗಿ ಮೊದಲ 48 ಗಂಟೆಗಳಲ್ಲಿ ಬಂದರೂ ವಾರಗಳ ನಂತರ ಬರುವುದೂ ಉಂಟು. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ 4 ಗ್ರಾಂ ರಕ್ತನಾಳಕ್ಕೆ ನಿಧಾನವಾಗಿ, ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ ಸ್ನಾಯುವಿಗೆ: ಇದು ಹಳೆಯ, ಪಳಗಿದ ಕ್ರಮ. ಮುಂದಿನ ಡೋಸ್‌ಗೆ ಮುನ್ನ ಮಂಡಿಯ ಪ್ರತಿವರ್ತನೆ (ತಟ್ಟಿದಾಗ ಕಾಲು ಚಿಮ್ಮುವುದು) ಇದೆಯೇ, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆಯಾಗಿಲ್ಲವೇ, ಮೂತ್ರ ಗಂಟೆಗೆ 30 ಮಿ.ಲೀ. ಆದರೂ ಬರುತ್ತಿದೆಯೇ ನೋಡಬೇಕು. ಮೆಗ್ನೀಸಿಯಂ ಅತಿಯಾದರೆ ಮೊದಲು ಮಾಯವಾಗುವುದು ಮಂಡಿಯ ಪ್ರತಿವರ್ತನೆ. ಉಸಿರು ಕುಗ್ಗುವುದು ಆಮೇಲೆ. ಅದಕ್ಕೆ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲೂಕೊನೇಟ್ 1 ಗ್ರಾಂ ಕೈಗೆಟಕುವಲ್ಲಿ ಇರಲಿ.

ಬಿಪಿ ಸರಿಯಿದ್ದು ದಿನದಿನಕ್ಕೆ ಏರುವ ತಲೆನೋವು, ವಾಂತಿ, ಫಿಟ್ಸ್, ಒಂದು ಕೈ ಸೋತಂತಾಗುವುದು ಕಂಡರೆ ಮಿದುಳಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ನಮ್ಮ ಕಡೆ ಇದನ್ನು ವಿಶೇಷವಾಗಿ ಕಲಿಸಬೇಕು. ಬಾಣಂತಿಗೆ ನೀರು ಕುಡಿಸಬಾರದೆಂಬ ಪದ್ಧತಿ ಇನ್ನೂ ಉಳಿದಿದೆ. ಹೆರಿಗೆಯ ಬಳಿಕ ರಕ್ತ ಹೇಗೂ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ, ಅದರ ಮೇಲೆ ನಿರ್ಜಲತೆ. ಸಿರೆಗಳನ್ನು ತೋರಿಸುವ ಸ್ಕ್ಯಾನ್ ಆದ ಎಂಆರ್ ವೆನೋಗ್ರಾಮ್‌ನಲ್ಲಿ ತಿಳಿಯುತ್ತದೆ. ಸಿರೆ ಕಟ್ಟಿಕೊಂಡ ಒತ್ತಡದಿಂದ ಮಿದುಳಿನಲ್ಲಿ ಸ್ವಲ್ಪ ರಕ್ತಸ್ರಾವ ಆಗಿದ್ದರೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುತ್ತಾರೆ. ವಿದ್ಯಾರ್ಥಿಗಳಿಗೆ ಇದು ವಿಚಿತ್ರವೆನಿಸುತ್ತದೆ. ಸಿರೆ ತೆರೆದರೆ ಒತ್ತಡ ಇಳಿಯುತ್ತದೆ ಎಂಬುದೇ ಕಾರಣ.

ಚಳಿಜ್ವರ, ದುರ್ವಾಸನೆಯ ಸ್ರಾವ ಇದ್ದರೆ ಗರ್ಭಕೋಶದ ನಂಜು. ಇದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದೆ ಉಳಿಯುವುದು ಹಾರ್ಮೋನಿನ ಕಾರಣ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಮಿದುಳಿನ ಬುಡದಲ್ಲಿದ್ದು ಉಳಿದ ಹಾರ್ಮೋನು ಗ್ರಂಥಿಗಳನ್ನು ನಡೆಸುವ ಪಿಟ್ಯುಟರಿ ಗ್ರಂಥಿ ಸತ್ತರೆ ಶೀಹನ್ ಸಿಂಡ್ರೋಮ್. ಎದೆಹಾಲೇ ಇಳಿಯುವುದಿಲ್ಲ, ಸುಸ್ತು, ಬಿಪಿ ಕೆಳಗೆ, ಸಕ್ಕರೆ ಮತ್ತು ಸೋಡಿಯಂ ಕುಸಿತ, ಅದರಿಂದ ಮಂಪರು. ವರ್ಷಗಳ ನಂತರ ಸಣ್ಣ ಸೋಂಕೊಂದರ ನೆಪದಲ್ಲಿ ಬಯಲಾಗುವುದೂ ಇದೆ. ‘ಹಾಲು ಇಳಿದಿತ್ತೇ, ಮುಟ್ಟು ಮರಳಿತೇ?’ ಎಂಬ ಎರಡು ಪ್ರಶ್ನೆ ಸಾಕು, ಅನುಮಾನ ಬರಲು. ಚಿಕಿತ್ಸೆಯಲ್ಲಿ ಮೊದಲು ಹೈಡ್ರೊಕಾರ್ಟಿಸೋನ್ (ಕಾರ್ಟಿಸಾಲ್ ಹಾರ್ಮೋನಿನ ಔಷಧ), ಆಮೇಲೆ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನು). ತಿರುಗಾಮುರುಗಾ ಮಾಡಿದರೆ ದೇಹ ಇರುವಷ್ಟು ಕಾರ್ಟಿಸಾಲನ್ನೂ ಬೇಗ ಖರ್ಚು ಮಾಡಿ ಅಡ್ರೀನಲ್ ಬಿಕ್ಕಟ್ಟಿಗೆ (ಕಾರ್ಟಿಸಾಲ್ ಸಾಲದೆ ಜೀವಕ್ಕೇ ಅಪಾಯವಾಗುವ ಸ್ಥಿತಿಗೆ) ಜಾರುತ್ತದೆ.

ಇವೆಲ್ಲ ಅಲ್ಲವೆಂದಾದ ಮೇಲೆ ಹೆರಿಗೆಯ ನಂತರದ ತೀವ್ರ ಮನೋರೋಗ, ಅಂದರೆ ಪೋಸ್ಟ್‌ಪಾರ್ಟಂ ಸೈಕೋಸಿಸ್. ಸಾವಿರ ಹೆರಿಗೆಗೆ ಒಂದೆರಡು. ಬಹುಪಾಲು ಮೊದಲ ಎರಡು ವಾರಗಳಲ್ಲೇ. ಮಗು ಮಲಗಿದ್ದರೂ ತಾಯಿಗೆ ನಿದ್ದೆ ಬಾರದಿರುವುದು ಮೊದಲ ಸೂಚನೆ. ಬೈಪೋಲಾರ್ ಕಾಯಿಲೆಯ (ಅತಿ ಉತ್ಸಾಹ, ಖಿನ್ನತೆಗಳ ನಡುವೆ ತೂಗಾಡಿಸುವ ಕಾಯಿಲೆಯ) ಜೊತೆ ಇದಕ್ಕೆ ಗಟ್ಟಿ ನಂಟು. ಗಂಟೆಗಂಟೆಗೂ ಬದಲಾಗುವ ಗೊಂದಲದಿಂದಾಗಿ ಇದು ನಿಜಕ್ಕೂ ಡೆಲಿರಿಯಂನಂತೆಯೇ ಕಾಣುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟ ಹಳ್ಳಿಯ ಹೆಂಗಸರ ಕಣ್ಣು ಸೂಕ್ಷ್ಮವಾಗಿಯೇ ಇತ್ತು. ತಾಯಿಗೂ ಮಗುವಿಗೂ ಅಪಾಯವಿರುವುದರಿಂದ ಆಸ್ಪತ್ರೆಗೆ ಸೇರಿಸಲೇಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿಕೊಳ್ಳುವ ವಾರ್ಡ್ 2009ರಿಂದ ಇದೆ.

ಖಿನ್ನತೆಗೆ ‘ಸನ್ನಿ’ ಎನ್ನುವುದು ಮಾತ್ರ ನಿಲ್ಲಲಿ. ಅದು ನಿಧಾನವಾಗಿ ಕವಿಯುವಂಥದ್ದು, ಎರಡು ವಾರಕ್ಕೂ ಮೀರಿ ಎಳೆಯುವಂಥದ್ದು, ಅರಿವು ಕದಡುವುದಿಲ್ಲ. ಬಾಣಂತಿಯ ಖಿನ್ನತೆ ಗುರುತಿಸುವ ಹತ್ತು ಪ್ರಶ್ನೆಗಳ ಎಡಿನ್‌ಬರೊ ಮಾಪಕ ಕನ್ನಡದಲ್ಲೂ ಇದೆ. ‘ಬಾಣಂತಿ ಖಿನ್ನತೆ’ ಎಂಬ ಸರಳ ಮಾತಿರುವಾಗ, ಬೇಸರದಿಂದ ಅಳುವವಳಿಗೆ ‘ನಿನಗೆ ಸನ್ನಿ’ ಎಂದರೆ ಅವಳು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾಳೆ.

ಸನ್ನಿ ಹೌದೋ ಅಲ್ಲವೋ ತಿಳಿಯಲು ಗಮನವನ್ನು ಪರೀಕ್ಷಿಸಬೇಕು. ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿ: ಶನಿವಾರ, ಶುಕ್ರವಾರ, ಗುರುವಾರ... ಓದು ಬಾರದವರೂ ಹೇಳಬಲ್ಲರು. ಬುಧವಾರಕ್ಕೆ ಬಂದು ಎಳೆ ಕಳೆದುಕೊಂಡರೆ, ಬೆಳಿಗ್ಗೆ ಸರಿಯಿದ್ದು ಸಂಜೆಗೆ ಹೀಗಾದರೆ, ಸನ್ನಿ ಎಂದೇ ಹಿಡಿದು ಸಕ್ಕರೆ, ಬಿಪಿ, ಜ್ವರ, ಆಮ್ಲಜನಕ ಅಳೆಯಬೇಕು.

ಬಗೆಹರಿಯದ ತೊಡಕು ಒಂದಿದೆ. ‘ಸನ್ನಿ’ ಎಂದರೆ ಕೂಗಾಟ, ಕಿತ್ತಾಟವೇ ಕಣ್ಣಿಗೆ ಬರುತ್ತದೆ. ಡೆಲಿರಿಯಂನ ಇನ್ನೊಂದು ಬಗೆ ತೆಪ್ಪಗಿರುತ್ತದೆ: ಕರೆದರೆ ತಡವಾಗಿ ಓಗೊಡುತ್ತಾಳೆ, ಗೋಡೆ ನೋಡುತ್ತ ಮಲಗಿರುತ್ತಾಳೆ, ‘ದಣಿದಿದ್ದಾಳೆ, ಬಿಡಿ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಶೀಹನ್ ಹೀಗೂ ಕಾಣಿಸಿಕೊಳ್ಳಬಹುದು. ಇದಕ್ಕೆ ‘ಮಂಕು ಸನ್ನಿ’ ಎನ್ನಬಹುದೇ ಎಂದು ಯೋಚಿಸಿದ್ದೇನೆ. ‘ಮಂಕು’ ದಡ್ಡತನದ ಬೈಗುಳಕ್ಕೂ ಬಳಕೆಯಾಗುವುದರಿಂದ ಹಿಂಜರಿಕೆ. ಕಲಬುರಗಿ, ಕರಾವಳಿ, ಕೊಡಗಿನ ಕಡೆ ಹೀಗೆ ಮಂಪರು ಕವಿದ ಬಾಣಂತಿಗೆ ಮನೆಮಾತಿನಲ್ಲಿ ಏನೆನ್ನುತ್ತಾರೆ? ಗೊತ್ತಿದ್ದವರು ಪದವನ್ನು, ಅದನ್ನು ಬಳಸುವ ಒಂದು ಪೂರ್ತಿ ವಾಕ್ಯದೊಂದಿಗೆ ಬರೆಯಿರಿ.