ಬೆಳಗ್ಗೆ ಸಾವಿರ ಲೀಟರ್ ಜಾಸ್ತಿ, ಸಂಜೆ ಏಳುನೂರು ಕಮ್ಮಿ: ಪೆಟ್ರೋಲ್ ಟ್ಯಾಂಕಿನ ಪಿವಿ ವಾಲ್ವ್ ಪ್ರಶ್ನೋತ್ತರ

ಪ್ರಶ್ನೆ (ಬಂಕ್ ಮಾಲೀಕರು, ಹಾವೇರಿ ಜಿಲ್ಲೆ):

ಸರ್, ನಮಸ್ಕಾರ. ನಮ್ಮದು ಹೆದ್ದಾರಿ ಪಕ್ಕದ ಬಂಕ್. ಪೆಟ್ರೋಲ್ ಟ್ಯಾಂಕ್ 20 ಕೆಎಲ್ (20,000 ಲೀಟರ್), ನೆಲದಡಿ. ಎರಡು ತಿಂಗಳ ಹಿಂದೆ ಆವಿ ಹಿಡಿಯುವ ವಿಆರ್‌ಎಸ್ ಕೆಲಸ ಶುರುವಾಯಿತು. ಟ್ಯಾಂಕರ್ ಇಳಿಸುವ ಕಡೆಯ ಸ್ಟೇಜ್ 1 ಮುಗಿದಿದೆ, ನಾಝಲ್ ಕಡೆಯ ಸ್ಟೇಜ್ 2 ಇನ್ನೂ ಚಾಲೂ ಆಗಿಲ್ಲ. ಟ್ಯಾಂಕಿನ ಆವಿ ಹೊರಹೋಗುವ ವೆಂಟ್ ಪೈಪಿನ ತುದಿಯಲ್ಲಿದ್ದ ಹಳೆ ಜಾಲರಿ ಟೋಪಿ ತೆಗೆದು ಪಿವಿ ವಾಲ್ವ್ ಅಂತ ಒಂದನ್ನು ಕೂರಿಸಿ ಹೋದರು.

ಅಲ್ಲಿಂದ ನಮಗೆ ಕಾಟ. ಬೆಳಗ್ಗೆ 6ಕ್ಕೆ ಬಂಕ್ ತೆಗೆದು ಡಿಪ್ ಹಾಕಿದರೆ (ಅಳತೆ ರಾಡ್ ಇಳಿಸಿದರೆ) ರಾಡ್ ತಾನಾಗಿ ಮಟ್ಟ ಅಳೆಯುವ ಆಟೊಮೇಶನ್‌ಗಿಂತ 8 ಸೆಂ.ಮೀ. ಜಾಸ್ತಿ ತೋರಿಸುತ್ತದೆ. ಚಾರ್ಟ್ ಪ್ರಕಾರ ಸುಮಾರು 1,000 ಲೀಟರ್. ಸಂಜೆ ಹಾಕಿದರೆ ಐದೂವರೆ ಸೆಂ.ಮೀ. ಕಮ್ಮಿ, ಅಂದರೆ 700 ಲೀಟರ್ ಇಲ್ಲ! ವಾಟರ್ ಪೇಸ್ಟ್ ಹಚ್ಚಿ ನೋಡಿದೆ, ನೀರಿಲ್ಲ. ಸಾಂದ್ರತೆಯೂ ಸರಿ ಇದೆ. ಸಂಜೆ ಡಿಪ್ ಹಾಕುತ್ತಿದ್ದ ಹುಡುಗನ ಮೇಲೆ ಅನುಮಾನ ಬಂದು ಬೈದೆ, ಅವನು ಕೆಲಸ ಬಿಟ್ಟು ಹೋದ. ಈಗ ನಾನೇ ಹಾಕಿದರೂ ಅದೇ ಕಥೆ. ಈ ವಾಲ್ವ್ ಕೆಟ್ಟಿದೆಯಾ? ತೆಗೆದು ಹಳೆ ಟೋಪಿಯನ್ನೇ ಹಾಕಿಬಿಡಲಾ?

ಉತ್ತರ:

ತೆಗೆಯಬೇಡಿ. ವಾಲ್ವ್ ಕೆಟ್ಟಿಲ್ಲ, ಅದರ ಕೆಲಸ ಅದು ಮಾಡುತ್ತಿದೆ ಅಂತ ನನಗನ್ನಿಸುತ್ತದೆ. ನಿಮ್ಮ ರಾಡ್ ಅಳೆಯುತ್ತಿರುವುದು ಟ್ಯಾಂಕಿನ ಮಟ್ಟವನ್ನಲ್ಲ, ಡಿಪ್ ಪೈಪಿನೊಳಗಿನ ಮಟ್ಟವನ್ನು. ಇಷ್ಟು ದಿನ ಅವೆರಡೂ ಒಂದೇ ಇದ್ದವು. ಈಗ ಇಲ್ಲ.

ಮೊದಲು ವಾಲ್ವ್ ಏನು ಮಾಡುತ್ತದೆ ನೋಡಿ. ಪಿವಿ ಅಂದರೆ ಪ್ರೆಶರ್-ವ್ಯಾಕ್ಯೂಮ್. ಒಳಗೆ ಎರಡು ತಟ್ಟೆ ಇರುತ್ತವೆ. ಟ್ಯಾಂಕಿನಲ್ಲಿ ಆವಿಯ ಒತ್ತಡ ಏರಿದರೆ ಒಂದು ಮೇಲೆದ್ದು ಆವಿಯನ್ನು ಹೊರಗೆ ಬಿಡುತ್ತದೆ. ಒಳಗೆ ವ್ಯಾಕ್ಯೂಮ್ ಆದರೆ ಇನ್ನೊಂದು ತೆರೆದು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅಮೆರಿಕದ ನಿಯಮದಲ್ಲಿ ಒತ್ತಡದ ಕಡೆ 2.5ರಿಂದ 6 ಇಂಚು, ವ್ಯಾಕ್ಯೂಮ್ ಕಡೆ 6ರಿಂದ 10 ಇಂಚು ನೀರಿನ ಮಟ್ಟ ಅಂತ ಇದೆ, ಅಂದರೆ ಅಷ್ಟು ಎತ್ತರದ ನೀರು ಒತ್ತುವಷ್ಟು ಒತ್ತಡ. 3 ಮತ್ತು 8 ಇಂಚಿನ ಜೋಡಿ ತುಂಬಾ ಸಾಮಾನ್ಯ. ನಿಮ್ಮ ವಾಲ್ವಿನ ಬಾಡಿ ಮೇಲೂ ಬರೆದಿರಬೇಕು, ನೋಡಿ.

3 ಇಂಚು ಅಂದರೆ ಎಷ್ಟು? ಮನೆಯ ಕುಕ್ಕರ್ ವೆಯ್ಟ್ ಏಳಬೇಕಾದರೆ ಸುಮಾರು 1 ಬಾರ್ ಬೇಕು. ನೀರಿನ ಲೆಕ್ಕದಲ್ಲಿ ಅದು 400 ಇಂಚು. ಇದು ಬರೀ 3 ಇಂಚಿಗೆ ಏಳುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ಅಲುಗಾಡುವ ಲೆಕ್ಕ ಅಷ್ಟೇ.

ಆದರೆ ಆ ಚಿಕ್ಕ ಒತ್ತಡವೇ ನಿಮ್ಮ ಡಿಪ್ ಕೆಡಿಸಿದೆ. ಡಿಪ್ ಪೈಪ್ ಟ್ಯಾಂಕಿನ ತಳದ ಹತ್ತಿರದ ತನಕ ಇಳಿದಿರುತ್ತದೆ. ಅದರ ಕೆಳಬಾಯಿ ಪೆಟ್ರೋಲಿನಲ್ಲಿ ಮುಳುಗಿರುತ್ತದೆ. ನೀವು ಕ್ಯಾಪ್ ತೆಗೆದ ಕೂಡಲೇ ಪೈಪಿನೊಳಗಿನ ಪೆಟ್ರೋಲ್ ಮೇಲೆ ಹೊರಗಿನ ಗಾಳಿ ಮಾತ್ರ ಇರುತ್ತದೆ. ಟ್ಯಾಂಕಿನ ಉಳಿದ ಪೆಟ್ರೋಲ್ ಮೇಲೆ ಕೂಡಿಟ್ಟ ಆವಿ ಕೂತು ಒತ್ತುತ್ತಿರುತ್ತದೆ. ಎಳನೀರಿಗೆ ಸ್ಟ್ರಾ ಹಾಕಿ, ಮಿಕ್ಕ ಬಾಯಿ ಬಿಗಿಯಾಗಿ ಮುಚ್ಚಿ, ಒಳಕ್ಕೆ ಗಾಳಿ ತುಂಬಿದ ಹಾಗೆ: ಸ್ಟ್ರಾದಲ್ಲಿ ನೀರು ಮೇಲೇರುತ್ತದೆ.

ಲೆಕ್ಕ ಹಾಕೋಣ. ಪೆಟ್ರೋಲಿನ ಸಾಂದ್ರತೆ 0.74 ಅಂತಿಟ್ಟುಕೊಳ್ಳಿ. ನಿಮ್ಮ 8 ಸೆಂ.ಮೀ. ಪೆಟ್ರೋಲ್ ಅಂದರೆ 5.9 ಸೆಂ.ಮೀ. ನೀರು, ಅಂದರೆ 2.3 ಇಂಚು. ವಾಲ್ವ್ 3ಕ್ಕೆ ತೆರೆಯುವುದಾದರೆ 2.3ಕ್ಕೆ ಮುಚ್ಚಿಕೊಂಡೇ ಇರುತ್ತದೆ. ಸರಿ ಹೋಯ್ತಲ್ವಾ? ನಿಮ್ಮ ಟ್ಯಾಂಕ್ 2 ಮೀಟರ್ ವ್ಯಾಸದ್ದಾದರೆ ಅರ್ಧ ತುಂಬಿದಾಗ ಒಂದು ಸೆಂ.ಮೀ.ಗೆ ಸುಮಾರು 127 ಲೀಟರ್. ಎಂಟಕ್ಕೆ 1,000 ಲೀಟರ್. ಇಲ್ಲದ ಪೆಟ್ರೋಲ್ ಅದು.

ಬೆಳಗ್ಗೆ ಜಾಸ್ತಿ, ಸಂಜೆ ಕಮ್ಮಿ ಯಾಕೆ? ಹಗಲು ಪಂಪ್ ಪೆಟ್ರೋಲ್ ಎಳೆಯುತ್ತಲೇ ಇರುತ್ತದೆ. ನಾಝಲ್ ಕಡೆಯಿಂದ ಆವಿ ವಾಪಸ್ ಬರುವ ವ್ಯವಸ್ಥೆ ನಿಮ್ಮಲ್ಲಿನ್ನೂ ಇಲ್ಲ. ಹಾಗಾಗಿ ಒಳಗೆ ವ್ಯಾಕ್ಯೂಮ್ ಆಗುತ್ತದೆ, ಡಿಪ್ ಪೈಪಿನ ಮಟ್ಟ ಕೆಳಗಿಳಿಯುತ್ತದೆ. ರಾತ್ರಿ ಬಂಕ್ ಮುಚ್ಚಿದ ಮೇಲೆ ಹಗಲೆಲ್ಲ ಒಳಗೆ ಹೋದ ಗಾಳಿಗೆ ಪೆಟ್ರೋಲ್ ಆವಿಯಾಗಿ ಸೇರುತ್ತಾ ಹೋಗುತ್ತದೆ. ಒಳಗಿನ ಒಟ್ಟು ಗಾತ್ರ ಬೆಳೆಯುತ್ತದೆ, ಬೆಳಗಾಗುವಷ್ಟರಲ್ಲಿ ಒತ್ತಡ. ಹಳೆ ಟೋಪಿ ಇದ್ದಾಗ ಇದೆಲ್ಲ ಸುಮ್ನೆ ಆಕಾಶಕ್ಕೆ ಹೋಗುತ್ತಿತ್ತು, ನಿಮಗೆ ಗೊತ್ತಾಗುತ್ತಿರಲಿಲ್ಲ.

ಈಗ ಮಾಡಬೇಕಾದ್ದು: ವಿಆರ್‌ಎಸ್ ಹಾಕಿದವರನ್ನು ಕರೆಸಿ, ವೆಂಟ್ ಲೈನಿನ ಟೆಸ್ಟ್ ಪೋರ್ಟಿಗೆ ನೀರು ತುಂಬಿದ ಯು-ಟ್ಯೂಬ್ ಹಾಕಿಸಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಎರಡು ಕಾಲುಗಳ ನೀರಿನ ಮಟ್ಟದ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಡಿಪ್ ಪೈಪಿನ ಮೇಲ್ಭಾಗದಲ್ಲಿ, ಟ್ಯಾಂಕಿನೊಳಗೆ, ಒತ್ತಡ ಸಮ ಮಾಡುವ ತೂತು ಇದೆಯಾ ಅಂತ ಕಂಪನಿಯ ಎಂಜಿನಿಯರ್‌ಗೆ ನಕ್ಷೆ ನೋಡಲು ಹೇಳಿ. ನೀವೇ ಡ್ರಿಲ್ ಹಿಡಿದು ಇಳಿಯಬೇಡಿ! ಆ ಟ್ಯಾಂಕ್ ಪೆಸೊ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ) ಲೈಸೆನ್ಸಿನ ನಕ್ಷೆಯಲ್ಲಿದೆ, ಬದಲಾವಣೆಗೆ ಒಪ್ಪಿಗೆ ಬೇಕು. ಒತ್ತಡ ಇಳಿಸೋಣ ಅಂತ ಆವಿ ಕ್ಯಾಪ್ ಬಿಚ್ಚುವುದೂ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗದೆ ನಿಮ್ಮ ಕಾಲಡಿಯಲ್ಲೇ ಹರಡಿಕೊಳ್ಳುತ್ತದೆ.

ಆ ಹುಡುಗನಿಗೆ ಒಂದು ಫೋನ್ ಮಾಡಿ.

ಪ್ರಶ್ನೆ (ಮ್ಯಾನೇಜರ್, ತುಮಕೂರು ಕಡೆ):

ಅಣ್ಣಾ, ನಮ್ಮಲ್ಲಿ ಉಲ್ಟಾ. ಡಿಪ್ ಸರಿ ಇದೆ, ಆದರೆ ಲೋಡ್ ಇಳಿಯೋದು ತುಂಬಾ ನಿಧಾನ. ಮೊದಲು ಅರ್ಧ ಗಂಟೆಯಲ್ಲಿ ಇಳಿಯುತ್ತಿದ್ದದ್ದು ಈಗ ಒಂದೂಕಾಲು ಗಂಟೆ. ನಿನ್ನೆ ಡ್ರೈವರ್ ಹೋಸ್ ಬಿಚ್ಚುವಾಗ ಫಿಲ್ ಪೈಪಿನಿಂದ ಪೆಟ್ರೋಲ್ ಬುಸ್ ಅಂತ ಉಕ್ಕಿ ಅವನ ಪ್ಯಾಂಟ್ ಎಲ್ಲ ಒದ್ದೆ. ಟ್ಯಾಂಕ್ ತುಂಬಿರಲಿಲ್ಲ, ಮುಕ್ಕಾಲು ಮಾತ್ರ. ಹೋದ ತಿಂಗಳು ಬಂಕಿಗೆ ಹೊಸ ಬಣ್ಣ ಹೊಡೆಸಿದ್ದು ಬಿಟ್ಟರೆ ಬೇರೆ ಏನೂ ಮಾಡಿಲ್ಲ.

ಉತ್ತರ:

ಬಣ್ಣ ಅಂದಿರಲ್ಲ, ಅಲ್ಲೇ ಇದೆ ಉತ್ತರ. ದಯವಿಟ್ಟು ವೆಂಟ್ ನೋಡುವ ತನಕ ಮುಂದಿನ ಲೋಡ್ ಇಳಿಸಬೇಡಿ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ.

ಕೆಲವು ವರ್ಷದ ಹಿಂದೆ ಒಂದು ಬಂಕಿಗೆ ಇದೇ ದೂರಿನ ಮೇಲೆ ಹೋಗಿದ್ದೆ. ಏಣಿ ಹಾಕಿ ಹತ್ತಿದರೆ ವಾಲ್ವಿನ ಮೇಲೆ ಕೆಂಪು ಎನಾಮೆಲ್ ಬಣ್ಣ ಮಿರಮಿರ ಹೊಳೆಯುತ್ತಿದೆ. ಪೇಂಟರ್ ಪಾಪ ಚೆನ್ನಾಗಿ ಕಾಣಲಿ ಅಂತ ಜಾಲರಿಗೂ ಎರಡು ಕೋಟ್ ಹೊಡೆದಿದ್ದ. ಜಾಲರಿಯ ಕಣ್ಣೆಲ್ಲ ಮುಚ್ಚಿ, ತಟ್ಟೆ ಸೀಟಿಗೆ ಅಂಟಿಕೊಂಡಿತ್ತು. ಉಗುರಿನಲ್ಲಿ ಕೆರೆದರೆ ಬಣ್ಣ ರಬ್ಬರಿನ ಹಾಗೆ ಎದ್ದು ಬಂತು. ಇನ್ನೊಂದು ಕಡೆ ಕುಂಬಾರ ಹುಳ ವೆಂಟಿನ ಬಾಯಲ್ಲಿ ಮಣ್ಣಿನ ಗೂಡು ಕಟ್ಟಿತ್ತು. ಒಣಗಿದ ಮೇಲೆ ಸಿಮೆಂಟಿನ ಹಾಗೆ ಗಟ್ಟಿ.

ವೆಂಟ್ ಮುಚ್ಚಿದರೆ ಒಳಗೆ ಏನಾಗುತ್ತದೆ ಗೊತ್ತಾ? ಒಂದು ಲೀಟರ್ ಒಳಗೆ ಬರಬೇಕಾದರೆ ಒಂದು ಲೀಟರ್ ಆವಿ ಹೊರಗೆ ಹೋಗಬೇಕು. ದಾರಿ ಇಲ್ಲದಿದ್ದರೆ ಒತ್ತಡ ಏರುತ್ತಾ ಹೋಗುತ್ತದೆ. ಟ್ಯಾಂಕರಿನ ಪೆಟ್ರೋಲ್ ಮಟ್ಟ ನಿಮ್ಮ ಟ್ಯಾಂಕಿನದಕ್ಕಿಂತ 4 ಮೀಟರ್ ಮೇಲಿದ್ದರೆ ಒಳಗಿನ ಒತ್ತಡ ಸುಮಾರು 0.3 ಬಾರ್ ತನಕ ಏರಬಹುದು. ಕೇಳೋಕೆ ಕಮ್ಮಿ. ಆದರೆ 2 ಮೀಟರ್ ವ್ಯಾಸದ ಟ್ಯಾಂಕಿನ ಒಂದೊಂದು ಕೊನೆಯ ಮುಖದ ಮೇಲೆ ಅದು 9 ಟನ್ನಿಗಿಂತ ಜಾಸ್ತಿ ಭಾರ. ಹೋಸ್ ಬಿಚ್ಚಿದಾಗ ಆ ಒತ್ತಡವೇ ಪೆಟ್ರೋಲನ್ನು ಫಿಲ್ ಪೈಪಿನಲ್ಲಿ ಮೇಲಕ್ಕೆ ದೂಡುತ್ತದೆ. ಡ್ರೈವರ್ ಒದ್ದೆಯಾದದ್ದು ಅದಕ್ಕೇ.

ಒಂದು ವೇಳೆ ವಾಲ್ವ್ ಸರಿ ಇದ್ದರೆ ಡ್ರೈವರ್ ಆವಿ ಹೋಸ್ ಹಾಕುತ್ತಾನಾ ನೋಡಿ. ಸ್ಟೇಜ್ 1 ಇರುವ ಬಂಕಿನಲ್ಲಿ ಪೆಟ್ರೋಲ್ ಹೋಸಿನ ಜೊತೆ ಆವಿ ಹೋಸೂ ಸೇರಿಸಬೇಕು. ಟ್ಯಾಂಕಿನ ಆವಿ ಅದರಲ್ಲಿ ಟ್ಯಾಂಕರಿಗೆ ವಾಪಸ್ ಹೋಗುತ್ತದೆ. ಅವಸರದಲ್ಲಿ ಎಷ್ಟೋ ಜನ ಒಂದನ್ನೇ ಹಾಕಿ ಬಿಡುತ್ತಾರೆ. ಆಗ ಅಷ್ಟೂ ಆವಿ ವಾಲ್ವಿನ ಸಣ್ಣ ಸಂದಿಯಿಂದಲೇ ಹೋಗಬೇಕು. ವಾಲ್ವ್ ಶಿಳ್ಳೆ ಹೊಡೆಯುತ್ತದೆ, ಹಾಗೇ ಗುರುತು ಸಿಗುತ್ತದೆ.

ವಾಲ್ವ್ ಬಿಚ್ಚಿ ನೀವೇ ಪೆಟ್ರೋಲಿನಲ್ಲಿ ತೊಳೆಯಬೇಡಿ. ಬಣ್ಣ ಒಳಗೆ ಇಳಿದಿದ್ದರೆ ಬದಲಾಯಿಸುವುದೇ ಒಳ್ಳೆಯದು.

ಪ್ರಶ್ನೆ (ಬಂಕ್ ಹಿಂದಿನ ಮನೆಯವರು, ಬೆಂಗಳೂರು):

ಸರ್, ನಾನು ಬಂಕಿನವಳಲ್ಲ, ಬಂಕಿನ ಹಿಂದಿನ ಬೀದಿಯವಳು. ಟ್ಯಾಂಕರ್ ಬಂದ ದಿನ ಮನೆಯೆಲ್ಲ ಪೆಟ್ರೋಲ್ ವಾಸನೆ, ಅತ್ತೆಗೆ ತಲೆನೋವು. ಕೇಳಿದರೆ ‘ವೆಂಟ್ ಪೈಪ್ ರೂಲ್ ಪ್ರಕಾರವೇ ಇದೆ’ ಅಂತಾರೆ. ನೀವು ಹೇಳುವ ವಾಲ್ವ್ ಹಾಕಿಸಿದರೆ ವಾಸನೆ ನಿಲ್ಲುತ್ತಾ?

ಉತ್ತರ:

ವಾಲ್ವ್ ಒಂದರಿಂದಲೇ ನಿಲ್ಲುವುದಿಲ್ಲ ಮೇಡಂ. ವೆಂಟ್ ಪೈಪ್ ನೆಲದಿಂದ ಕನಿಷ್ಠ 4 ಮೀಟರ್ ಎತ್ತರ ಇರಬೇಕು ಅಂತ ನಮ್ಮಲ್ಲಿ ನಿಯಮ. ಅದು ಇರಬಹುದು, ಆದರೆ ಎತ್ತರದಿಂದ ಬಿಟ್ಟರೂ ಆವಿ ಆವಿಯೇ.

ಎಷ್ಟು ಅಂತ ಹೇಳುತ್ತೇನೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಲೆಕ್ಕದಲ್ಲಿ, ಫಿಲ್ ಪೈಪ್ ತಳದ ತನಕ ಇಳಿದಿರುವ ಟ್ಯಾಂಕಿಗೆ ಆವಿ ಹೋಸ್ ಇಲ್ಲದೆ ತುಂಬಿದರೆ ಲೀಟರಿಗೆ 880 ಮಿಲಿಗ್ರಾಂ ಆವಿ ಹೊರಗೆ ಹೋಗುತ್ತದೆ. 20 ಕೆಎಲ್ ಲೋಡಿಗೆ ಹದಿನೇಳೂವರೆ ಕೆಜಿ! ದ್ರವದ ಲೆಕ್ಕದಲ್ಲಿ ಸುಮಾರು 25 ಲೀಟರ್ ಪೆಟ್ರೋಲ್ ಅರ್ಧ ಗಂಟೆಯಲ್ಲಿ ನಿಮ್ಮ ಬೀದಿಯ ಗಾಳಿಗೆ. ಆವಿ ಹೋಸ್ ಸರಿಯಾಗಿ ಹಾಕಿದರೆ ಅದು ಲೀಟರಿಗೆ 40 ಮಿಲಿಗ್ರಾಂಗೆ ಇಳಿಯುತ್ತದೆ, ಒಂದು ಕೆಜಿಗಿಂತ ಕಮ್ಮಿ. ನಿಮ್ಮ ವಾಸನೆ ಲೋಡ್ ದಿನದ್ದು, ಹಾಗಾಗಿ ಮೊದಲು ಕೇಳಬೇಕಾದ್ದು ಆವಿ ಹೋಸ್ ಹಾಕುತ್ತೀರಾ ಅಂತ.

ಪಿವಿ ವಾಲ್ವ್ ತಡೆಯುವುದು ಉಳಿದ ದಿನಗಳ ಉಸಿರಾಟವನ್ನು. ಮಾರಿದ ಲೀಟರಿಗೆ 120 ಮಿಲಿಗ್ರಾಂ ಅಂತ ಅದೇ ಲೆಕ್ಕ ಹೇಳುತ್ತದೆ. ಜೊತೆಗೆ, ವಾಲ್ವ್ ಇಲ್ಲದೆ ಬರೀ ತೆರೆದ ವೆಂಟ್ ಇದ್ದರೆ ಹೋಸ್ ಹಾಕಿದರೂ ಆವಿ ಸುಲಭದ ದಾರಿ ಹಿಡಿದು ಮೇಲಕ್ಕೇ ಹೋಗುತ್ತದೆ. ಎರಡೂ ಇದ್ದರೇ ಕೆಲಸ.

ನಿಮ್ಮ ಅತ್ತೆಯ ತಲೆನೋವನ್ನು ಹಗುರ ಮಾಡಬೇಡಿ. ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ 1 ಶೇಕಡಾ ತನಕ ಇರಬಹುದು, ಅದು ಕ್ಯಾನ್ಸರ್ ತರುವ ವಸ್ತು. ಲೋಡ್ ಇಳಿಯುವಾಗ ಆ ಕಡೆಯ ಕಿಟಕಿ ಮುಚ್ಚಿ. ದಿನಾಂಕ, ಹೊತ್ತು ಬರೆದಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ. ಬಾಯಿ ಮಾತಿಗೆ ಬೆಲೆ ಕಮ್ಮಿ.

ಪ್ರಶ್ನೆ (ಕಲ್ಲು ಕ್ವಾರಿಯಿಂದ, ಚಿಕ್ಕಬಳ್ಳಾಪುರ):

ನಮ್ಮದು ಡೀಸೆಲ್ ಮಾತ್ರ, ಟ್ಯಾಂಕ್ ನೆಲದ ಮೇಲೇ ಇದೆ. ನಾವೂ ಈ ವಾಲ್ವ್ ಹಾಕಬೇಕಾ?

ಉತ್ತರ:

ಆವಿ ಉಳಿಸೋಕೆ ಬೇಡ, ಡೀಸೆಲ್ ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ದೂಳು ಹೋಗದ ಹಾಗೆ ಜಾಲರಿ ಇರುವ ತೆರೆದ ವೆಂಟ್ ಸಾಕು. ಕ್ವಾರಿ ದೂಳಿಗೆ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ, ತಿಂಗಳಿಗೊಮ್ಮೆ ನೋಡಿ.

ಆದರೆ ನಿಮಗೆ ಬೇಕಾದ್ದು ಇನ್ನೊಂದು: ಎಮರ್ಜೆನ್ಸಿ ವೆಂಟ್. ನೆಲದಡಿಯ ಟ್ಯಾಂಕನ್ನು ಬೆಂಕಿಯಿಂದ ಮಣ್ಣೇ ಕಾಪಾಡುತ್ತದೆ. ಮೇಲಿರುವ ಟ್ಯಾಂಕಿನ ಪಕ್ಕ ಬೆಂಕಿ ಬಿದ್ದರೆ ಒಳಗಿನ ಡೀಸೆಲ್ ಕುದಿಯತೊಡಗುತ್ತದೆ, ಸಣ್ಣ ವೆಂಟಿಗೆ ಆ ಆವಿಯನ್ನು ಹೊರಹಾಕಲು ಆಗುವುದಿಲ್ಲ. ಅದಕ್ಕೆ ದೊಡ್ಡ ಬಾಯಿಯ ಬೇರೆ ವಾಲ್ವ್ ಬೇಕು. ಪಿವಿ ವಾಲ್ವ್ ಅದರ ಜಾಗ ತುಂಬುವುದಿಲ್ಲ.

ಬಂಕಿನವರಿಗೂ ಒಂದು ಮಾತು: ಪೈಪ್ ಉಳಿಸೋಣ ಅಂತ ಡೀಸೆಲ್ ವೆಂಟನ್ನು ಪೆಟ್ರೋಲ್ ವೆಂಟಿಗೆ ಸೇರಿಸಬೇಡಿ. ಪೆಟ್ರೋಲ್ ಆವಿ ಡೀಸೆಲ್ ಟ್ಯಾಂಕಿಗೆ ಇಳಿದರೆ ಡೀಸೆಲಿನ ಫ್ಲ್ಯಾಶ್ ಪಾಯಿಂಟ್ (ಅದರ ಆವಿಗೆ ಕಿಡಿ ಹತ್ತುವ ಉಷ್ಣತೆ) ಬಿದ್ದುಹೋಗುತ್ತದೆ.

ಪ್ರತಿಕ್ರಿಯೆ (ಗುಂಪಿನ ಇನ್ನೊಬ್ಬರು):

ತಟ್ಟೆ ಮೇಲೆ ಸ್ವಲ್ಪ ತೂಕ ಜಾಸ್ತಿ ಇಟ್ಟರೆ ಇನ್ನೂ ಆವಿ ಉಳಿಯಲ್ವಾ ಸರ್? ನಮ್ಮ ಪರಿಚಯದವರು ಹಾಗೆ ಮಾಡಿದ್ದಾರೆ.

ಉತ್ತರ:

ಅವರಿಗೆ ಇವತ್ತೇ ತೆಗೆಯಲು ಹೇಳಿ. ಒತ್ತಡ ಜಾಸ್ತಿಯಾದರೆ ಆವಿ ಉಳಿಯುವುದಿಲ್ಲ, ಬೇರೆ ದಾರಿ ಹುಡುಕುತ್ತದೆ: ಮ್ಯಾನ್‌ಹೋಲ್ ಗ್ಯಾಸ್ಕೆಟ್, ಡಿಪ್ ಕ್ಯಾಪ್, ಪೈಪ್ ಜಾಯಿಂಟ್. 4 ಮೀಟರ್ ಮೇಲೆ ಹೋಗಬೇಕಾದ್ದು ಗಿರಾಕಿಯ ಬೈಕಿನ ಪಕ್ಕದಲ್ಲಿ ಬರುತ್ತದೆ. ವ್ಯಾಕ್ಯೂಮ್ ಕಡೆ ಬಿಗಿ ಮಾಡಿದರೆ ಮಳೆಗಾಲದಲ್ಲಿ ಸಡಿಲ ಗ್ಯಾಸ್ಕೆಟ್‌ನಿಂದ ನೀರು ಒಳಗೆ ಎಳೆದುಕೊಳ್ಳಬಹುದು. ಈಗ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇದೆ. ನೀರು ಸೇರಿದರೆ ಎಥನಾಲ್ ಅದರ ಜೊತೆ ತಳಕ್ಕೆ ಇಳಿಯುತ್ತದೆ, ಅಷ್ಟೂ ಸ್ಟಾಕ್ ಕೆಟ್ಟ ಹಾಗೆ.

ಮೊದಲ ಪ್ರಶ್ನೆಯವರು, ನಾಲ್ಕು ದಿನದ ನಂತರ:

ಸರ್, ಯು-ಟ್ಯೂಬ್ ಹಾಕಿಸಿದೆ. ನೀರಿಗೆ ಸ್ವಲ್ಪ ಕುಂಕುಮ ಹಾಕಿದ್ದೆವು, ಚೆನ್ನಾಗಿ ಕಾಣಲಿ ಅಂತ. ಬೆಳಗ್ಗೆ 6ಕ್ಕೆ ವ್ಯತ್ಯಾಸ 6 ಸೆಂ.ಮೀ. ಸಂಜೆ 7ಕ್ಕೆ ಉಲ್ಟಾ ಕಡೆ 4 ಸೆಂ.ಮೀ. ನೀವು ಹೇಳಿದ ಲೆಕ್ಕವೇ. ನಕ್ಷೆಯಲ್ಲಿ ಡಿಪ್ ಪೈಪಿಗೆ ತೂತು ತೋರಿಸಿಲ್ಲ. ಒಪ್ಪಿಗೆ ತಗೊಂಡು ಮುಂದಿನ ಟ್ಯಾಂಕ್ ಕ್ಲೀನಿಂಗ್ ವೇಳೆ ಸರಿ ಮಾಡಿಸ್ತೀವಿ, ಅಲ್ಲೀತನಕ ಆಟೊಮೇಶನ್ ಅಂಕಿಯನ್ನೇ ಬರೀರಿ ಅಂದರು ಎಂಜಿನಿಯರ್.

ಹುಡುಗನ ಮನೆಗೆ ಫೋನ್ ಬದಲು ನಾನೇ ಹೋಗಿ ಬಂದೆ. ಸೋಮವಾರದಿಂದ ಬರ್ತಾನಂತೆ. ಆದರೆ ಡಿಪ್ ಮಾತ್ರ ಇನ್ಮೇಲೆ ನೀವೇ ಹಾಕ್ಕೊಳ್ಳಿ ಅಂದ.