ಮೊದಲ 300 ಕಿ.ಮೀ. ಬ್ರೆವೆ: ಹೊಟ್ಟೆ, ರಾತ್ರಿ, ಮನೆಯವರು. ನಿಮ್ಮ ಅನುಭವ ಹೇಳಿ

ತುಮಕೂರಿನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಹೈಸ್ಕೂಲ್ ಮೇಷ್ಟ್ರು. ಎರಡು ವರ್ಷದಿಂದ ಹೈಬ್ರಿಡ್ ಸೈಕಲ್ ತುಳಿಯುತ್ತಿದ್ದೇನೆ. ಮೊನ್ನೆ ಮೊದಲ 200 ಕಿ.ಮೀ. ಬಿಆರ್‌ಎಂ (ಕೊಟ್ಟ ಟೈಮ್ ಒಳಗೆ ಮುಗಿಸಬೇಕಾದ ದೂರದ ಸೈಕಲ್ ರೈಡ್, ಬ್ರೆವೆ ಅಂದರೂ ಇದೇ) ಮುಗಿಸಿದೆ. 13 ಗಂಟೆ 30 ನಿಮಿಷದ ಟೈಮ್, ನಾನು ಬಂದಿದ್ದು 12 ಗಂಟೆ 50 ನಿಮಿಷಕ್ಕೆ. 90ನೇ ಕಿಲೋಮೀಟರ್‌ನಲ್ಲಿ ಹಸಿವು ತಡೆಯದೆ ಎರಡು ಮಸಾಲೆ ದೋಸೆ, ವಡೆ ತಿಂದೆ. 150ರ ಹತ್ತಿರ ವಾಂತಿ ಆಯ್ತು. ಆಮೇಲೆ ನೀರು ಬಿಟ್ಟು ಏನೂ ಒಳಗೆ ಹೋಗಲಿಲ್ಲ.

ಈಗ 300ಕ್ಕೆ ಹೆಸರು ಕೊಟ್ಟಿದ್ದೇನೆ. ನೆಲಮಂಗಲದ ಹತ್ತಿರದಿಂದ ಹೊರಟು ಶಿರಾ, ಹಿರಿಯೂರು ದಾಟಿ ತಿರುಗಿ ವಾಪಸ್. ಬೆಳಿಗ್ಗೆ 6ಕ್ಕೆ ಶುರು. ರಾತ್ರಿ ಹೈವೇಯಲ್ಲಿ ಯಾವತ್ತೂ ತುಳಿದಿಲ್ಲ. ಮನೆಯಲ್ಲಿ ಹೆಂಡತಿಗೆ ಇದು ಇಷ್ಟವಿಲ್ಲ. ಊಟ ಹೇಗೆ ಮಾಡ್ತೀರಿ, ರಾತ್ರಿ ಹೇಗೆ ಕಳೀತೀರಿ, ಮನೆಯವರಿಗೆ ಏನು ಹೇಳ್ತೀರಿ? ದಯವಿಟ್ಟು ಹೇಳಿ.

ಬೆಂಗಳೂರಿನಿಂದ

ಮೇಷ್ಟ್ರೇ, ವಾಂತಿ ಆದಮೇಲೂ 50 ಕಿಲೋಮೀಟರ್ ತುಳಿದು ಬ್ರೆವೆ ಕಾರ್ಡ್‌ಗೆ ಕೊನೆಯ ಸೀಲ್ ಹಾಕಿಸಿದ್ದೀರಿ. ನಿಮ್ಮ ಕಾಲಿಗೆ ಏನೂ ಆಗಿಲ್ಲ. 200 ಮುಗಿಸಿದ ಕಾಲು 300 ಮುಗಿಸುತ್ತದೆ. ಮುಗಿಸದೆ ಇರುವವರಲ್ಲಿ ಹೆಚ್ಚಿನವರು ಹೊಟ್ಟೆ ಕೆಟ್ಟು ನಿಂತವರು, ಇಲ್ಲ ಹೋಟೆಲ್‌ನಲ್ಲಿ ಕೂತು ಟೈಮ್ ಕಳೆದವರು. ನಾನು ನೋಡಿದ್ದು ಹೀಗೆ.

ಟೈಮ್ ಲೆಕ್ಕ ಮೊದಲು. 300ಕ್ಕೆ 20 ಗಂಟೆ. ನೀವು ರಾತ್ರಿ 2ಕ್ಕೆ ಮೊದಲು ಬರಬೇಕು. ಗಂಟೆಗೆ 20 ಕಿ.ಮೀ. ತುಳಿದರೆ ಸೀಟಿನ ಮೇಲೆ 15 ಗಂಟೆ, ಉಳಿದದ್ದು 5 ಗಂಟೆ. ಐದು ಗಂಟೆ ಅಂದರೆ ಜಾಸ್ತಿ ಅನಿಸುತ್ತದೆ, ಅಲ್ವಾ? ನನ್ನ ಮೊದಲ 300ರಲ್ಲಿ ಸೀಟಿನ ಮೇಲೆ ಇದ್ದದ್ದು 14 ಗಂಟೆ 40 ನಿಮಿಷ. ಮುಗಿಸಿದ್ದು 19 ಗಂಟೆ 35 ನಿಮಿಷಕ್ಕೆ. ಐದು ಗಂಟೆ ಎಲ್ಲಿ ಹೋಯಿತು ಅಂತ ಆಮೇಲೆ ಕೂತು ಬರೆದೆ. ತಿಂಡಿಗೆ ಐವತ್ತು ನಿಮಿಷ, ಊಟಕ್ಕೆ ಒಂದೂಕಾಲು ಗಂಟೆ, ಟೀ ಕುಡಿಯುವಾಗ ಮಾತು, ಫೋಟೋ, ಒಂದು ಪಂಕ್ಚರ್. ಮುಂದಿನ ವರ್ಷ ಅದೇ ಸೈಕಲ್, ಹೆಚ್ಚುಕಮ್ಮಿ ಅದೇ ವೇಗ. ನಿಂತಿದ್ದು 2 ಗಂಟೆ 40 ನಿಮಿಷ ಮಾತ್ರ. 17 ಗಂಟೆ 10 ನಿಮಿಷಕ್ಕೆ ಮುಗಿಸಿ ಮನೆಗೆ ಹೋಗಿ ಮಲಗಿದೆ.

ಕಂಟ್ರೋಲ್ (ದಾರಿಯಲ್ಲಿ ಕಾರ್ಡ್‌ಗೆ ಸೀಲ್ ಹಾಕುವ ಜಾಗ) ತಲುಪಿದ ಕೂಡಲೇ ಕಾರ್ಡ್‌ಗೆ ಸೀಲ್ ಹಾಕಿಸಿ. ಆಮೇಲೆ ಬಾಟಲ್ ತುಂಬಿಸಿ. ಆಮೇಲೆ ತಿನ್ನುವುದು. ಕುರ್ಚಿ ಮೇಲೆ ಕೂರುವುದು ಎಲ್ಲಕ್ಕಿಂತ ಕೊನೆಗೆ. ಕೂತರೆ ಏಳುವುದಕ್ಕೆ ಹತ್ತು ನಿಮಿಷ ಬೇಕು.

ಈಗ ಹೊಟ್ಟೆ. ನಮ್ಮ ಸ್ನಾಯು, ಲಿವರ್‌ನಲ್ಲಿ ಕೂಡಿಟ್ಟ ಶಕ್ತಿ ಸುಮಾರು 2000 ಕ್ಯಾಲರಿ. ಅದು ಮಧ್ಯಾಹ್ನದ ಹೊತ್ತಿಗೆ ಖಾಲಿ ಆಗುತ್ತಾ ಬರುತ್ತದೆ. ನೀವು ಹಸಿವಾಗುವವರೆಗೆ ಕಾದಿರಿ. ಆಮೇಲೆ ಒಟ್ಟಿಗೆ ಎಣ್ಣೆ ಪದಾರ್ಥ ತಿಂದಿರಿ. ತುಳಿಯುವಾಗ ರಕ್ತ ಹೆಚ್ಚಾಗಿ ಕಾಲಿಗೆ ಹೋಗುತ್ತದೆ, ಹೊಟ್ಟೆಗೆ ಕಡಿಮೆ. ಎಣ್ಣೆ, ಬೆಣ್ಣೆ ಜೀರ್ಣ ಆಗುವುದಕ್ಕೆ ಜಾಸ್ತಿ ಹೊತ್ತು ಬೇಕು. ಬಿಸಿಲು ಬೇರೆ. ದೋಸೆ ಅಲ್ಲೇ ಕೂತಿತ್ತು, ಹೊರಗೆ ಬಂತು.

ಅರ್ಧ ಗಂಟೆಗೊಮ್ಮೆ ಸ್ವಲ್ಪ ತಿನ್ನಿ. ಹಸಿವು ಇಲ್ಲದಿದ್ದರೂ ತಿನ್ನಿ. ಗಂಟೆಗೆ 40ರಿಂದ 60 ಗ್ರಾಂ ಕಾರ್ಬ್ ಸಾಕು. ಒಂದು ದೊಡ್ಡ ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ, ಏಲಕ್ಕಿ ಬಾಳೆ ಆದರೆ ಎರಡು ಬೇಕು. ಕಡಲೆಕಾಯಿ ಚಿಕ್ಕಿ, ಖರ್ಜೂರ, ಬೆಲ್ಲ ಹಾಕಿದ ಅವಲಕ್ಕಿ ನನ್ನ ಬೆನ್ನ ಜೇಬಿನಲ್ಲಿ ಇರುತ್ತವೆ. ಮಧ್ಯಾಹ್ನಕ್ಕೆ ಇಡ್ಲಿ, ಇಲ್ಲ ಮೊಸರನ್ನ. ಮೊಸರನ್ನ ನನ್ನನ್ನು ಒಮ್ಮೆಯೂ ಕೈಬಿಟ್ಟಿಲ್ಲ. ವಡೆ, ಪೂರಿ, ಬಜ್ಜಿ ಎಲ್ಲಾ ರೈಡ್ ಮುಗಿದ ಮೇಲೆ.

ಬರೀ ನೀರು ಕುಡಿಯಬೇಡಿ. ಬೆವರಿನಲ್ಲಿ ಉಪ್ಪು ಹೋಗುತ್ತದೆ, ನೀರು ಮಾತ್ರ ಸುರಿದರೆ ರಕ್ತದ ಉಪ್ಪು ಇನ್ನೂ ತೆಳುವಾಗುತ್ತದೆ. ತಲೆನೋವು, ವಾಕರಿಕೆ ಅದರಿಂದಲೂ ಬರುತ್ತದೆ. ಮೆಡಿಕಲ್ ಸ್ಟೋರ್‌ನ ಓಆರ್‌ಎಸ್ ಪ್ಯಾಕೆಟ್ ಸಾಕು, 20.5 ಗ್ರಾಂ ಪ್ಯಾಕೆಟ್ ಒಂದು ಲೀಟರ್‌ಗೆ. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ನಿಮ್ಮ ರೂಟ್‌ನಲ್ಲಿ ಎಳನೀರು ಧಾರಾಳ ಸಿಗುತ್ತದೆ. ಕುಡಿಯಿರಿ, ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಜೊತೆಗೆ ಚಿಟಿಕೆ ಉಪ್ಪು ನಾಲಿಗೆ ಮೇಲೆ ಹಾಕಿಕೊಳ್ಳಿ. ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಬಿಡಬೇಡಿ.

ಮಂಗಳೂರಿನಿಂದ

ನಾನು ಟ್ರಯಥ್ಲಾನ್ ಮಾಡುವವನು. ಅಲ್ಲಿ ಈಜಿ, ಸೈಕಲ್ ತುಳಿದು, ಆಮೇಲೆ ಓಡಬೇಕು. ಸೈಕಲ್ ಮೇಲೆ ತಪ್ಪಾಗಿ ತಿಂದರೆ ಓಟದಲ್ಲಿ ಗೊತ್ತಾಗುತ್ತದೆ. ಮೇಲಿನವರು ಹೇಳಿದ್ದಕ್ಕೆ ಒಂದೇ ಸೇರಿಸುತ್ತೇನೆ. ಆ ದಿನ ತಿನ್ನುವುದನ್ನು ಪ್ರತಿ ಭಾನುವಾರದ ರೈಡ್‌ನಲ್ಲಿ ತಿಂದು ನೋಡಿ. ಹೊಟ್ಟೆಗೂ ಅಭ್ಯಾಸ ಬೇಕು. ನಮ್ಮ ಕರಾವಳಿ ಸೆಕೆಯಲ್ಲಿ ಗಂಟೆಗೆ ಒಂದು ಬಾಟಲ್ ನನಗೆ ಸಾಲುವುದಿಲ್ಲ, ನಿಮ್ಮ ಒಣಗಾಳಿಯಲ್ಲಿ ನಿಮಗೆ ಸಾಲಬಹುದು. ರೈಡ್‌ಗೆ ಮೊದಲು, ಆಮೇಲೆ ತೂಕ ನೋಡಿಕೊಂಡರೆ ಎಷ್ಟು ಬೆವರುತ್ತೀರಿ ಅಂತ ಸುಮಾರಾಗಿ ಗೊತ್ತಾಗುತ್ತದೆ.

ಮೈಸೂರಿನಿಂದ

ರಾತ್ರಿ ಬಗ್ಗೆ ನಾನು ಹೇಳ್ತೀನಿ. 6:30ಕ್ಕೆ ಕತ್ತಲಾದರೆ ನಿಮಗೆ ಏಳು ಗಂಟೆಗಿಂತ ಜಾಸ್ತಿ ರಾತ್ರಿ ಇದೆ. ಹೆದರಿಕೆ ಮೊದಲ ಒಂದು ಗಂಟೆ ಮಾತ್ರ. ಆಮೇಲೆ ಲೈಟಿನ ಬೆಳಕು, ಚೈನ್ ಸದ್ದು, ಅಷ್ಟೇ. ನನಗೆ ಈಗ ಹಗಲಿಗಿಂತ ಆ ಹೊತ್ತೇ ಇಷ್ಟ.

ಆದರೆ ತಯಾರಿ ಸರಿಯಾಗಿ ಬೇಕು. ಮುಂದೆ ಬಿಳಿ ಲೈಟ್, ಹಿಂದೆ ಕೆಂಪು ಲೈಟ್, ಮೈಮೇಲೆ ಹೊಳೆಯುವ ವೆಸ್ಟ್ ನಿಯಮದಲ್ಲೇ ಇದೆ. ನಾನು ಹಿಂದೆ ಎರಡು ಲೈಟ್ ಹಾಕುತ್ತೇನೆ. ಒಂದು ನಿಂತು ಹೋದರೆ ನಮಗೆ ಗೊತ್ತೇ ಆಗುವುದಿಲ್ಲ. ಮುಂದಿನ ಲೈಟ್ ಫುಲ್ ಇಟ್ಟರೆ ಎಷ್ಟು ಗಂಟೆ ಬರುತ್ತದೆ ಅಂತ ಮನೆಯಲ್ಲೇ ಒಂದು ರಾತ್ರಿ ಉರಿಸಿ ನೋಡಿ. ಡಬ್ಬದ ಮೇಲೆ ಬರೆದಿದ್ದನ್ನು ನಂಬಬೇಡಿ. ಪವರ್ ಬ್ಯಾಂಕ್ ಒಂದು ಇರಲಿ.

ಹೈವೇಯಲ್ಲಿ ನನಗೆ ಭಯ ಆಗಿದ್ದು ಓಡುವ ಲಾರಿಯಿಂದ ಅಲ್ಲ, ನಿಂತ ಲಾರಿಯಿಂದ. ಲೈಟ್ ಇಲ್ಲದೆ ಅಂಚಿನಲ್ಲೇ ನಿಂತಿರುತ್ತವೆ. ಮಂಡ್ಯ ಕಡೆ ಕಬ್ಬಿನ ಟ್ರಾಕ್ಟರ್‌ಗಳು ಹಾಗೆಯೇ. ರಾಂಗ್ ಸೈಡಿನಲ್ಲಿ ಲೈಟ್ ಇಲ್ಲದ ಬೈಕ್ ಬರುತ್ತದೆ. ಅದಕ್ಕೇ ಮುಂದಿನ ಲೈಟ್ ತೀರಾ ನೆಲಕ್ಕೆ ಬಗ್ಗಿಸಬೇಡಿ, ದೂರ ಕಾಣಬೇಕು. ಎಲ್ಲಾ ದೊಡ್ಡ ರಸ್ತೆಗೂ ನಮ್ಮನ್ನು ಬಿಡುವುದಿಲ್ಲ ಅಂತಲೂ ನೆನಪಿರಲಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಸೈಕಲ್ ಎರಡೂ ಇಲ್ಲ. ನಾವು ಈಗ ಸರ್ವಿಸ್ ರೋಡ್. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆಯೇ ಬಂದ್. ಕೊಟ್ಟ ರೂಟ್ ಬಿಟ್ಟು ಹತ್ತಿರದ ದಾರಿ ಹುಡುಕಬೇಡಿ.

ನಾಯಿ ಬೆನ್ನಟ್ಟಿದರೆ ಜೋರಾಗಿ ಗದರಿಸಿ. ಬಿಡದಿದ್ದರೆ ಇಳಿದು, ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು ನಡೆಯಿರಿ. ನಿಂತವರನ್ನು ಅವು ಹೆಚ್ಚಾಗಿ ಬಿಟ್ಟುಬಿಡುತ್ತವೆ.

ನಿದ್ದೆ ರಾತ್ರಿ 11ರ ಮೇಲೆ ಬರುತ್ತದೆ. ಕಣ್ಣು ಎಳೆದರೆ ತುಳಿಯಬೇಡಿ, ದಯವಿಟ್ಟು. ಪೆಟ್ರೋಲ್ ಬಂಕ್‌ನಲ್ಲಿ ಕೇಳಿದರೆ ಒಂದು ಮೂಲೆ ಕೊಡುತ್ತಾರೆ. ಕಾಫಿ ಕುಡಿದು ತಕ್ಷಣ ಹದಿನೈದು ನಿಮಿಷ ಮಲಗಿ, ಅಲಾರಂ ಇಟ್ಟು. ಏಳುವ ಹೊತ್ತಿಗೆ ಕಾಫಿ ಕೆಲಸ ಶುರು ಮಾಡಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಸಂಜೆಯ ಕಂಟ್ರೋಲ್‌ನಲ್ಲಿ ನಿಮ್ಮ ವೇಗದ ಇಬ್ಬರನ್ನು ನೋಡಿ ಜೊತೆ ಸೇರಿಕೊಳ್ಳಿ. ಗುರುತಿಲ್ಲದಿದ್ದರೂ ಪರವಾಗಿಲ್ಲ. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಹಾಗೆ ಜೊತೆಯಾದ ಒಬ್ಬರು ಈಗ ನಮ್ಮ ಮನೆಯ ಮದುವೆ, ಮುಂಜಿಗೆಲ್ಲಾ ಬರುತ್ತಾರೆ.

ವಿಜಯಪುರದಿಂದ

ಸರ್, ನಮ್ಮ ಕಡೆ ಜಾತ್ರೆಯಲ್ಲೂ ಸೈಕಲ್ ರೇಸ್ ಇಡುತ್ತಾರೆ. ಚಿಕ್ಕಂದಿನಿಂದ ತುಳಿದಿದ್ದೇನೆ. ಸೀಟು ಮೆತ್ತಗಿದ್ದರೆ ಆರಾಮ ಅಂತ ಜೆಲ್ ಕವರ್ ಹಾಕಿಸಬೇಡಿ, ನೂರು ಕಿಲೋಮೀಟರ್ ಆದಮೇಲೆ ಅದೇ ಉಜ್ಜುತ್ತದೆ. ಒಳ್ಳೆಯ ಬಿಬ್ ಶಾರ್ಟ್ಸ್ (ಭುಜದ ಪಟ್ಟಿ, ಒಳಗೆ ಪ್ಯಾಡ್ ಇರುವ ಸೈಕಲ್ ಚಡ್ಡಿ) ಹಾಕಿ, ಒಳಗೆ ಚಡ್ಡಿ ಬೇಡ, ಉಜ್ಜುವ ಜಾಗಕ್ಕೆ ವ್ಯಾಸಲೀನ್ ಹಚ್ಚಿ. ಕಿರುಬೆರಳು ಜೋಮು ಹಿಡಿದರೆ ಕೈ ಇಡುವ ಜಾಗ ಬದಲಿಸುತ್ತಾ ಇರಿ. ಹೈಬ್ರಿಡ್ ಆದರೆ ಹ್ಯಾಂಡಲ್ ತುದಿಗೆ ಬಾರ್ ಎಂಡ್ ಅನ್ನುವ ಇನ್ನೊಂದು ಹಿಡಿ ಹಾಕಿಸಿ. ಎರಡು ಟ್ಯೂಬ್, ಟೈರ್ ಲಿವರ್, ಪಂಪ್ ಇರಲಿ. ಮನೆಯಲ್ಲಿ ಲೈಟ್ ಆರಿಸಿ, ಟಾರ್ಚ್ ಬೆಳಕಿನಲ್ಲಿ ಹಿಂದಿನ ಚಕ್ರ ಬಿಚ್ಚಿ ಹಾಕುವುದನ್ನು ಕಲಿಯಿರಿ.

ಬೆಂಗಳೂರಿನಿಂದ ಇನ್ನೊಬ್ಬರು

ಇದನ್ನು ಓದುವ ಹೆಣ್ಣುಮಕ್ಕಳಿಗೆ ಎರಡು ಮಾತು, ಯಾಕೆಂದರೆ ನಾನು ಶುರು ಮಾಡಿದಾಗ ಹೇಳುವವರು ಇರಲಿಲ್ಲ. ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ ಅಂತ ನೀರು ಕಡಿಮೆ ಕುಡಿಯಬೇಡಿ. ನಾನು ಹಾಗೆ ಮಾಡಿ ಒಂದು 400 ಅರ್ಧಕ್ಕೆ ಬಿಟ್ಟೆ. ರೂಟ್ ಬಂದ ದಿನವೇ ದೊಡ್ಡ ಪೆಟ್ರೋಲ್ ಬಂಕ್‌ಗಳನ್ನು ಮ್ಯಾಪ್‌ನಲ್ಲಿ ಗುರುತು ಮಾಡಿ. ರಾತ್ರಿಗೆ ಜೊತೆ ಯಾರು ಅಂತ ಮೊದಲೇ ಮಾತಾಡಿಕೊಳ್ಳಿ. ಮುಟ್ಟಿನ ದಿನ ಬಂದರೆ ಬಟ್ಟೆ, ಪ್ಯಾಡ್ ಬೇರೆ ಕವರ್‌ನಲ್ಲಿ ಇರಲಿ. ಹಳ್ಳಿ ಹೋಟೆಲ್‌ಗಳಲ್ಲಿ ಕೇಳಿದರೆ ಮನೆಯ ಒಳಗೇ ಕರೆದುಕೊಂಡು ಹೋಗಿ ನೀರು ಕೊಟ್ಟಿದ್ದಾರೆ. ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ಇಷ್ಟು ತುಳಿದ್ರೆ ಏನ್ ಕೊಡ್ತಾರೆ ಮಗಾ?" ಅಂತ ಕೇಳಿದರು. ಏನೂ ಕೊಡಲ್ಲ ಅಜ್ಜಿ, ಮೆಡಲ್ ಬೇಕಾದರೂ ನಾವೇ ದುಡ್ಡು ಕೊಟ್ಟು ತರಿಸಬೇಕು ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಒಳಗೆ ಹೋಗಿ ಎರಡು ಬಾಳೆಹಣ್ಣು ತಂದು ಜೇಬಿಗೆ ಹಾಕಿದರು.

ತುಮಕೂರಿನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿಯೇ ಲೈಟ್ ಉರಿಸಿ ನೋಡಿದೆ. ಫುಲ್ ಇಟ್ಟರೆ ಎರಡೂವರೆ ಗಂಟೆ. ಇನ್ನೊಂದು ತೆಗೆದುಕೊಳ್ಳಬೇಕು. ಒಂದು ಮಾತು ಕೇಳಲಾ? ಮುಗಿಸದೆ ಡಿಎನ್‌ಎಫ್ ಆದರೆ? ಸ್ಕೂಲ್ ಮಕ್ಕಳಿಗೆಲ್ಲಾ ಹೇಳಿಬಿಟ್ಟಿದ್ದೇನೆ.

ಹುಬ್ಬಳ್ಳಿಯಿಂದ

ನಾನು ಡಿಎನ್‌ಎಫ್ ಆದವನು, ಅದೂ ಫ್ರಾನ್ಸ್‌ನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಅನ್ನುವ ದೊಡ್ಡ ರೈಡ್‌ನಲ್ಲಿ. 2019ರಲ್ಲಿ. ಅದಕ್ಕೆ ಹೋಗಲು ಅದೇ ವರ್ಷ 200, 300, 400, 600 ನಾಲ್ಕೂ ಮುಗಿಸಿರಬೇಕು. ಅಲ್ಲಿ 1,200 ಕಿಲೋಮೀಟರ್‌ಗೆ 90 ಗಂಟೆ. ಹೋಗುವಾಗ ಪೂರ್ತಿ ಎದುರುಗಾಳಿ, ಆಗಸ್ಟ್ ಆದರೂ ರಾತ್ರಿ ಹಲ್ಲು ಕಡಿಯುವ ಚಳಿ. ಬ್ರೆಸ್ಟ್ ಮುಟ್ಟಿ ವಾಪಸ್ ಬರುವಾಗ ಟೈಮ್ ಮೀರಿತು. ತುಂಬಾ ಅತ್ತೆ. ಆದರೆ ಅಲ್ಲಿನ ಹಳ್ಳಿಯವರು ನಡುರಾತ್ರಿ ರಸ್ತೆ ಪಕ್ಕ ಮೇಜು ಹಾಕಿ, ಬಿಸಿ ಕಾಫಿ ಇಟ್ಟುಕೊಂಡು ಕಾಯುತ್ತಿದ್ದರು. ಭಾಷೆ ಬರದೆ ನಾನು ಕೈಮುಗಿದೆ, ಅವರೂ ಕೈಮುಗಿದರು. ಅದು ನನ್ನ ಹತ್ತಿರ ಇದೆ.

ಬ್ರೆವೆ ಫಲಿತಾಂಶದಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಅಂತ ಇಲ್ಲ. 12 ಗಂಟೆಗೆ ಬಂದವರೂ 20 ಗಂಟೆಗೆ ಬಂದವರೂ ಒಂದೇ ಪಟ್ಟಿ. ಬರದಿದ್ದರೆ ಅದೇ ವರ್ಷ ಇನ್ನೊಂದು 300 ಇರುತ್ತದೆ. ಮಕ್ಕಳಿಗೆ ಎಷ್ಟು ದೂರ ಹೋದಿರಿ, ಎಲ್ಲಿ ನಿಂತಿರಿ, ಯಾಕೆ ಅಂತ ಹಾಗೇ ಹೇಳಿ ಮೇಷ್ಟ್ರೇ. ಅವರಿಗೂ ಒಳ್ಳೆಯದು. ಇನ್ನೊಂದು, ಮಳೆಗಾಲದಲ್ಲಾದರೆ ಶಿರಾ ದಾಟಿದ ಮೇಲೆ ಗಾಳಿ ಎಡಗಡೆ ಮುಂದಿನಿಂದ ಹೊಡೆಯುತ್ತದೆ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಹೋಗುವಾಗ ವೇಗ ಬಿದ್ದರೆ ಗಾಬರಿ ಬೇಡ, ವಾಪಸ್ ಬರುವಾಗ ಅದೇ ಗಾಳಿ ತಳ್ಳುತ್ತದೆ.

ದಾವಣಗೆರೆಯಿಂದ

ನಾನು ಸೈಕಲ್ ತುಳಿಯುವವಳಲ್ಲ. ನಮ್ಮ ಯಜಮಾನರು ತುಳಿಯುತ್ತಾರೆ. ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ಬರೆಯುತ್ತಿದ್ದೇನೆ.

ಮೇಷ್ಟ್ರೇ, ನಿಮ್ಮ ಮನೆಯವರಿಗೆ ಇಷ್ಟವಿಲ್ಲ ಅಂದರೆ ಸೈಕಲ್ ಇಷ್ಟವಿಲ್ಲ ಅಂತ ಇರಲಿಕ್ಕಿಲ್ಲ. ಮೊದಲ ಸಲ ನಮ್ಮವರು ರಾತ್ರಿ ಹೋದಾಗ "ರಾತ್ರಿ ಒಂದು ಗಂಟೆ ಒಳಗೆ ಬರ್ತೀನಿ" ಅಂದರು. ಒಂದು ಗಂಟೆಯಿಂದ ಮೂರೂವರೆವರೆಗೆ ನಾನು ಬಾಗಿಲ ಹತ್ತಿರ ಕೂತಿದ್ದೆ. ಫೋನ್ ಚಾರ್ಜ್ ಮುಗಿದಿತ್ತು, ಪಂಕ್ಚರ್ ಆಗಿತ್ತು, ಅಷ್ಟೇ. ಆ ಎರಡೂವರೆ ಗಂಟೆ ನಾನು ಏನೇನು ಯೋಚಿಸಿದೆ ಅಂತ ಅವರಿಗೆ ಇವತ್ತಿಗೂ ಪೂರ್ತಿ ಹೇಳಿಲ್ಲ.

ಈಗ ಹೀಗೆ ಮಾಡುತ್ತೇವೆ. ಕಂಟ್ರೋಲ್ ಊರುಗಳ ಹೆಸರು, ಪ್ರತಿ ಕಂಟ್ರೋಲ್ ಮುಚ್ಚುವ ಟೈಮ್ ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸುತ್ತಾರೆ. ಸೀಲ್ ಹಾಕಿಸಿದ ಕೂಡಲೇ ಒಂದು ಮೆಸೇಜ್. ಲೊಕೇಶನ್ ಶೇರ್ ಇರುತ್ತದೆ. ಜೊತೆಗಿರುವ ಒಬ್ಬರ ನಂಬರ್ ನನ್ನ ಹತ್ತಿರ ಇರುತ್ತದೆ. ಬರುವ ಟೈಮ್ ಹೇಳುವಾಗ ಎಲ್ಲಕ್ಕಿಂತ ತಡ ಅಂದರೆ ಎಷ್ಟೋ ಅದನ್ನೇ ಹೇಳುತ್ತಾರೆ. ನೀವು ರಾತ್ರಿ 2ಕ್ಕೆ ಮುಗಿಸುವುದಾದರೆ, ನೆಲಮಂಗಲದಿಂದ ಮನೆಗೆ ಬರುವುದನ್ನೂ ಸೇರಿಸಿ ಬೆಳಿಗ್ಗೆ 5 ಅಂತ ಹೇಳಿ. ಆ ಹೊತ್ತಿನಲ್ಲಿ ನಿದ್ದೆಗಣ್ಣಲ್ಲಿ ನೀವೇ ಗಾಡಿ ಓಡಿಸಿಕೊಂಡು ಬರಬೇಡಿ, ಅಲ್ಲೇ ಎಲ್ಲಾದರೂ ಮಲಗಿ ಬೆಳಕು ಹರಿದ ಮೇಲೆ ಬನ್ನಿ ಅಂತ ನಾನಂತೂ ಹೇಳುತ್ತೇನೆ.

ಸಾಧ್ಯವಾದರೆ ಒಂದು ಸಂಜೆ ಅವರನ್ನು ರಸ್ತೆ ಆಚೆ ನಿಲ್ಲಿಸಿ, ವೆಸ್ಟ್ ಹಾಕಿಕೊಂಡು, ಲೈಟ್ ಹಚ್ಚಿ ದೂರದಿಂದ ಸೈಕಲ್‌ನಲ್ಲಿ ಬನ್ನಿ. ನೀವು ಎಷ್ಟು ದೂರದಿಂದ ಕಾಣುತ್ತೀರಿ ಅಂತ ಅವರು ಕಣ್ಣಾರೆ ನೋಡಲಿ. ನಾನು ಹಾಗೆ ನೋಡಿದ ಮೇಲೆಯೇ ರಾತ್ರಿ ಸ್ವಲ್ಪ ನಿದ್ದೆ ಬರತೊಡಗಿದ್ದು.